ಆರನೇ ತರಗತಿಗೆ ಬಂದ ತಾಂಡಾದ ಮಗು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ಮ ಈ ಸೀಮೆಯಲ್ಲಿ ಎತ್ತ ಹೋದರೂ ಲಂಬಾಣಿ ತಾಂಡಾಗಳಿವೆ. ತಾಂಡಾದ ಶಾಲೆ ಹೆಚ್ಚಾಗಿ ಐದನೇ ತರಗತಿಗೆ ಮುಗಿಯುತ್ತದೆ. ಆರಕ್ಕೆ ಪಕ್ಕದೂರಿಗೆ ನಡೆಯಬೇಕು. ಅಲ್ಲಿ ಎಲ್ಲರೂ ಹೊಸಬರು. ಮನೆಮಾತು ಬಾಯಿಗೆ ಬಂದರೆ ಯಾರು ನಗುತ್ತಾರೋ ಎಂಬ ಅಳುಕು. ಅಪ್ಪ ಅವ್ವನ ಜೊತೆ ಕಾಫಿ ಸೀಮೆಗೆ ಗುಳೆ ಹೋಗಿ ಬಂದವರಿಗಂತೂ ಪಾಠ ಎಲ್ಲಿಗೆ ಬಂದಿದೆ ಎಂಬುದೇ ತಿಳಿಯದು.

ಈ ಅಳುಕು ಕಳೆಯಲು ಶಾಲೆಯೇ ದಾರಿ ಮಾಡಬೇಕು. ಲಂಬಾಣಿಗರು ಆರಾಧಿಸುವ ಸಂತ ಸೇವಾಲಾಲರ ಕ್ಷೇತ್ರ ಸೂರಗೊಂಡನಕೊಪ್ಪ ಇರುವುದು ನಮ್ಮ ನ್ಯಾಮತಿ ತಾಲ್ಲೂಕಿನಲ್ಲೇ. ಫೆಬ್ರವರಿ 15ರ ಅವರ ಜಯಂತಿಯಂದು ಶಾಲೆಯಲ್ಲಿ ಫೋಟೊಗೆ ಹೂವಿಟ್ಟರೆ ಸಾಲದು. ಅಂದು ತಾಂಡಾದ ಮಗುವೇ ಅವರ ಕಥೆಯನ್ನು ತನ್ನ ಮಾತಿನಲ್ಲಿ ಹೇಳಲಿ, ಉಳಿದವರು ನಾಲ್ಕು ಲಂಬಾಣಿ ಪದ ಕಲಿಯಲಿ. ಗುಳೆಯಿಂದ ಮರಳಿದ ಮಗುವನ್ನು ‘ಇಷ್ಟು ದಿನ ಎಲ್ಲಿಗೆ ಹೋಗಿದ್ದೆ?’ ಎಂದು ಗದರದೆ, ತೋಟದಲ್ಲಿ ಏನೇನು ನೋಡಿದೆ ಎಂದು ಮೇಷ್ಟ್ರು ಇಡೀ ತರಗತಿಯ ಮುಂದೆ ಕೇಳಲಿ.