ಮಗ್ಗದ ಅಂಕಣ

ನಾರಾಯಣಪೇಟೆಯಲ್ಲಿ ನಮ್ಮ ಅಜ್ಜ ಕಟ್ಟಿಸಿದ್ದು ಮೂರು ಅಂಕಣದ ಮಾಳಿಗೆ ಮನೆ. ದಾರಿಹೋಕರು ನಿಂತು ನೋಡುವಂಥದ್ದು ಅದರಲ್ಲಿ ಏನೂ ಇಲ್ಲ. ಮಣ್ಣಿನ ಗೋಡೆ, ಬೇವಿನ ತೊಲೆ, ಜಂತಿಗಳ ಮೇಲೆ ಕಿರುಗಟ್ಟಿಗೆ ಮತ್ತು ಸೊಪ್ಪು, ಅದರ ಮೇಲೆ ಸವುಳು ಮಣ್ಣು. ಬೆಳೆಗೆ ಒದಗದ ಆ ಮಣ್ಣು ಮಾಳಿಗೆಗೆ ಒದಗುತ್ತದೆ. ಮಳೆ ಬಿದ್ದಾಗ ಬಿಗಿದುಕೊಂಡು ನೀರನ್ನು ಕೆಳಗಿಳಿಯಗೊಡದು. ಈಗ ಆ ಮನೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಬೇಕೆಂಬುದು ನನ್ನ ಚಿಕ್ಕಪ್ಪನ ಮಗನ ಆಸೆ. ಅಜ್ಜನ ಆಸ್ತಿಯಾದ್ದರಿಂದ ಕಾಗದಕ್ಕೆ ನನ್ನ ಸಹಿಯೂ ಬೇಕು. ಸಹಿ ಹಾಕುವ ಮುನ್ನ ಆ ಮನೆಯ ಬೆಲೆ ಏನೆಂದು ಯೋಚಿಸಿದ್ದನ್ನು ಸಂಘದ ಬಂಧುಗಳ ಮುಂದಿಡುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಪರಂಪರೆ ಎಂದೊಡನೆ ಗದ್ವಾಲಿನ ಕೋಟೆಯನ್ನೂ ಅದರೊಳಗಿನ ಚೆನ್ನಕೇಶವ ದೇವಾಲಯವನ್ನೂ ತೋರಿಸುತ್ತಾರೆ. ತೋರಿಸತಕ್ಕದ್ದೇ. ಆದರೆ ಗದ್ವಾಲು, ನಾರಾಯಣಪೇಟೆಗಳ ಹೆಸರು ದೂರದ ಊರುಗಳ ಹೆಣ್ಣುಮಕ್ಕಳ ಬಾಯಿಗೆ ಬಂದದ್ದು ಸೀರೆಯಿಂದ. ಎರಡೂ ಊರುಗಳ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆ ಸೀರೆ ನೇಯ್ದ ಮನೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಂತೆ ಕಾಣೆ.

ಮನೆ ಬೇರೆ, ಮಗ್ಗ ಬೇರೆ ಎನ್ನುವವರು ಗುಂಡಿಮಗ್ಗವನ್ನು ಕಂಡಿರಲಾರರು. ನಮ್ಮ ಓಣಿಯಲ್ಲಿ ಅದಕ್ಕೆ ತೆಲುಗಿನ ಗುಂಟಮಗ್ಗಂ ಎಂಬ ಹೆಸರೂ ನಡೆಯುತ್ತದೆ. ನೇಕಾರ ನೆಲದ ಮಟ್ಟದಲ್ಲಿ ಕುಳಿತು ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಮಣೆಗಳನ್ನು ತುಳಿಯುತ್ತಾನೆ. ಒಣಹವೆಯಲ್ಲಿ ಹತ್ತಿಯ ನೂಲು ಮೇಲಿಂದ ಮೇಲೆ ಹರಿಯುತ್ತದೆ. ಗುಂಡಿಯ ತಂಪು, ಸೆಗಣಿ ಸಾರಿಸಿದ ನೆಲದ ತೇವ, ದಪ್ಪ ಗೋಡೆಯ ನೆರಳು ಇವೆಲ್ಲ ಕೂಡಿ ನಮ್ಮ ಕಡೆಯ ಬಿರುಬೇಸಗೆಯಲ್ಲೂ ಎಳೆಯನ್ನು ಮೆತ್ತಗಿಡುತ್ತವೆ. ಬೆಳಕಿಂಡಿಯನ್ನು ಅಜ್ಜ ಇಡಿಸಿದ್ದು ಸರಿಯಾಗಿ ಬಟ್ಟೆಯ ಮೇಲೆ ಬೆಳಕು ಬೀಳುವ ಕಡೆಗೆ. ನಾರಾಯಣಪೇಟೆಯಲ್ಲಿ ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವ ರೂಢಿ. ಅಷ್ಟುದ್ದದ ಹಾಸನ್ನು ಬಿಡಿಸಿ ಗಂಜಿ ಕೊಡಲು ಮನೆ ಸಾಲದು, ಓಣಿಯೇ ಬೇಕು. ಗದ್ವಾಲಿನ ಸೀರೆಯಲ್ಲಾದರೋ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ಮೂರು ಲಾಳಿ, ಬಹಳ ಸಲ ಇನ್ನೊಬ್ಬರ ಕೈಯೂ ಬೇಕು. ಆ ಕೈ ಹೆಂಡತಿಯದೋ ಮಗನದೋ ಆಗಿರುವುದರಿಂದ ಮಗ್ಗ ಒಲೆಗೆ ಕೂಗಳತೆಯಲ್ಲೇ ಇರಬೇಕಾಗುತ್ತದೆ. ತಿರುಮಲೆಯ ಬ್ರಹ್ಮೋತ್ಸವಕ್ಕೆ ಗದ್ವಾಲ ಸಂಸ್ಥಾನದ ಹೆಸರಿನಲ್ಲಿ ಹೋಗುವ ಜೋಡಿ ಪಂಚೆಗಳನ್ನು ನೇಯುವವರೂ ಅಲ್ಲಿನ ನೇಕಾರರೇ.

ಸ್ಕಾಟ್ಲೆಂಡಿನ ಕಿಲ್ಬಾರ್ಕನ್ ಎಂಬ ಹಳ್ಳಿಯಲ್ಲಿ 1723ರಲ್ಲಿ ಕಟ್ಟಿದ ನೇಕಾರರ ಮನೆಯೊಂದನ್ನು ಅಲ್ಲಿನ ರಾಷ್ಟ್ರೀಯ ಟ್ರಸ್ಟ್ ಮಗ್ಗದ ಸಹಿತ ಕಾಪಾಡಿಕೊಂಡು ಬಂದಿದೆ. ಅಷ್ಟು ದೂರ ಹೋಗುವುದೇಕೆ? ನಮ್ಮ ತೆಲಂಗಾಣದ ಪೋಚಂಪಲ್ಲಿ, ಸೀರೆ ನೇಯ್ಗೆಯ ನೆಲೆಗಳಲ್ಲಿ ಒಂದಾಗಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದೆ.

ಕನ್ನಡಿಗರಾದ ನಮಗೆ ಇನ್ನೊಂದು ಕಾರಣವೂ ಉಂಟು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಹಂಚಿಹೋದಾಗ ರಾಯಚೂರು ಮೈಸೂರಿಗೆ ಸೇರಿತು, ಮಹಬೂಬನಗರ ಜಿಲ್ಲೆಯಲ್ಲಿದ್ದ ನಾವು ಆಂಧ್ರಕ್ಕೆ ಸೇರಿದೆವು. ಶಾಲೆ, ಕಚೇರಿಗಳ ಭಾಷೆ ತೆಲುಗಾಯಿತು; ಮನೆಯೊಳಗೆ ಪಡಸಾಲೆ, ಬೆಳಕಿಂಡಿ, ಹೊಸ್ತಿಲು, ಲಾಳಿ, ಹಾಸು, ಹೊಕ್ಕು ಕನ್ನಡದಲ್ಲೇ ಉಳಿದವು. ನೇಕಾರನಾಗಿದ್ದ ವಚನಕಾರ ಜೇಡರ ದಾಸಿಮಯ್ಯನ ಮುದನೂರು ನಮಗೆ ಪಕ್ಕದ ಸುರಪುರ ಸೀಮೆಯಲ್ಲೇ ಇದೆ. ಮಕ್ತಲದಲ್ಲಿ ಓದುತ್ತಿರುವ ನನ್ನ ತಂಗಿಯ ಮಗನಿಗೆ ಜಂತಿ ಎಂದರೆ ಏನೆಂದು ತಿಳಿಸಲು ನಾನು ಅವನನ್ನು ಈ ಮನೆಗೇ ಕರೆತರಬೇಕಾಯಿತು. ನಿಘಂಟಿನಿಂದ ಆಗುವ ಕೆಲಸವಲ್ಲ ಅದು.

ಇಷ್ಟೆಲ್ಲವನ್ನೂ ತಮ್ಮನಿಗೆ ಹೇಳಿದೆ. ಅವನು ಇಂದಿಗೂ ನೇಯುತ್ತಾನೆ. ಹೊಸ ಮನೆಯಲ್ಲಿ ಗುಂಡಿ ತೋಡುವುದಿಲ್ಲ, ಮುಂಭಾಗದಲ್ಲಿ ಕಿರಾಣಿ ಅಂಗಡಿ ಹಾಕುತ್ತೇನೆ ಎಂದು ನಿಶ್ಚಯಿಸಿದ್ದಾನೆ. "ಅಣ್ಣಾ, ನೀವು ವರ್ಷಕ್ಕೊಮ್ಮೆ ಬಂದು ಮನಿ ಚಂದ ಅದ ಅಂತೀರಿ. ಮಳಿಗಾಲದಾಗ ಗುಂಡಿಗೆ ನೀರು ಬಂದ್ರ ವಾರಗಟ್ಟಲೆ ಕೆಲಸ ಇಲ್ದ ಕೂಡೋರು ನಾವು" ಎಂದ. ಈ ಮಾತಿಗೆ ಎದುರು ಮಾತಿಲ್ಲ. ಹಳೆಯ ಮನೆಯ ಸೊಗಸನ್ನು ಹೊಗಳುವ ನಮ್ಮಂಥವರು ಸಾಮಾನ್ಯವಾಗಿ ಅದರಲ್ಲಿ ವಾಸಿಸುವುದಿಲ್ಲ.

ಆದುದರಿಂದ ಸಹಿ ಹಾಕಲು ಒಪ್ಪಿದ್ದೇನೆ. ಒಂದು ಕೋರಿಕೆ ಮಾತ್ರ ಇಟ್ಟಿದ್ದೇನೆ: ಹಿಂದಿನ ಎರಡು ಅಂಕಣಗಳ ಜಾಗದಲ್ಲಿ ಅವನಿಗೆ ಬೇಕಾದಂತೆ ಸಿಮೆಂಟಿನ ಮನೆಯಾಗಲಿ, ಬೀದಿಗಿರುವ ಮಗ್ಗದ ಅಂಕಣ ಉಳಿಯಲಿ. ಅದರ ಮಾಳಿಗೆಯ ದುರಸ್ತಿ, ಗುಂಡಿಗೆ ನೀರು ಬಾರದಂತೆ ಕಲ್ಲಿನ ಕಟ್ಟೆ, ಎರಡರ ಖರ್ಚೂ ನನ್ನದು. ತಮ್ಮ ಇನ್ನೂ ಏನೂ ಹೇಳಿಲ್ಲ. "ಮಾಳಗಿ ಮ್ಯಾಲ ವರ್ಷಾ ಮಣ್ಣು ಹಾಕೋರು ಯಾರು, ಅದನ್ನ ಮೊದಲು ಹೇಳ್ರಿ ಭಾವಾರೇ" ಎಂದು ಅವನ ಹೆಂಡತಿ ಕೇಳಿದ್ದಾಳೆ. ಆ ಕೆಲಸ ಬಲ್ಲ ಹಿರಿಯರಿಬ್ಬರು ಮಕ್ತಲದ ಕಡೆ ಇದ್ದಾರೆಂದು ಕೇಳಿದ್ದೇನೆ. ಮುಂಗಾರಿಗೆ ಮುಂಚೆ ಹೋಗಿ ಅವರನ್ನು ಕಾಣಬೇಕು.