ವಿಕಿಪೀಡಿಯ ಪುಟಕ್ಕೂ ಒಂದು ಆಡಿಟ್

ಅಸೈನ್‌ಮೆಂಟ್ ಕೊಟ್ಟ ತಕ್ಷಣ ನಾವೆಲ್ಲ ಮೊದಲು ತೆಗೆಯೋದು ವಿಕಿಪೀಡಿಯನೇ, ಸುಮ್ನೆ ಯಾಕೆ ಮುಚ್ಚಿಡೋದು! "ಅದನ್ನ ನಂಬಬೇಡಿ" ಅಂತ ಎಲ್ಲರೂ ಹೇಳ್ತಾರೆ. ಯಾವ ಪುಟ ಎಷ್ಟು ನಂಬಬಹುದು ಅಂತ ನೋಡೋದು ಹೇಗೆ ಅನ್ನೋದನ್ನ ಮಾತ್ರ ಯಾರೂ ಹೇಳಿಕೊಡಲ್ಲ. ಆದ್ರೆ ಫ್ರೆಂಡ್ಸ್, ನಾವು ಬಿಕಾಂನವರು. ಆಡಿಟಿಂಗ್ ಓದಿದವರಿಗೆ ಈ ಕೆಲಸ ಗೊತ್ತಿರೋದೇ.

ಮೊದಲು ಗ್ರೇಡ್. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳಿಗೆ ದರ್ಜೆ ಕೊಡ್ತಾರೆ: ಕೆಳಗೆ ಸ್ಟಬ್, ಆಮೇಲೆ ಸ್ಟಾರ್ಟ್, ಸಿ, ಬಿ. ಅದಕ್ಕೂ ಮೇಲೆ ಗುಡ್ ಆರ್ಟಿಕಲ್, ಎಲ್ಲಕ್ಕಿಂತ ಮೇಲೆ ಫೀಚರ್ಡ್ ಆರ್ಟಿಕಲ್. ಲೇಖನದ ಚರ್ಚೆ ಪುಟ ತೆರೆದರೆ ದರ್ಜೆ ಕಾಣುತ್ತೆ. ಕೆಳಗಿನ ದರ್ಜೆಗಳನ್ನ ಯಾವ ಸಂಪಾದಕ ಬೇಕಾದ್ರೂ ಹಾಕಬಹುದು. ಗುಡ್ ಆಗಬೇಕಾದ್ರೆ ಬರೆದವರಲ್ಲದ ಇನ್ನೊಬ್ಬರು ಪರಿಶೀಲಿಸಬೇಕು. ಫೀಚರ್ಡ್‌ಗೆ ಹಲವರು ಕೂತು ಚರ್ಚೆ ಮಾಡ್ತಾರೆ.

ಆದ್ರೆ ಗ್ರೇಡ್ ಅನ್ನೋದು ಆಡಿಟ್ ರಿಪೋರ್ಟ್ ಇದ್ದಂಗೆ, ಅದಕ್ಕೊಂದು ತಾರೀಕಿದೆ. ಆಮೇಲೆ ಪುಟದಲ್ಲಿ ಏನೇನು ಬದಲಾಯ್ತು ಅಂತ ತಿಳಿಯೋಕೆ ಇತಿಹಾಸ ನೋಡಬೇಕು. ಯಾರು, ಯಾವತ್ತು, ಏನು ತಿದ್ದಿದ್ರು ಅನ್ನೋದು ಸಾಲು ಸಾಲಾಗಿ ಅಲ್ಲಿರುತ್ತೆ.

ಮುಂದಿನದು ವೌಚಿಂಗ್. ಪ್ರತಿ ಎಂಟ್ರಿಗೂ ವೌಚರ್ ಕೇಳ್ತೀವಲ್ವಾ, ಇಲ್ಲಿ ಅಡಿಟಿಪ್ಪಣಿಯೇ ವೌಚರ್. ಅದು ಇದೆ ಅಂದ್ರೆ ಸಾಲದು, ಕ್ಲಿಕ್ ಮಾಡಿ ತಾರೀಕು ನೋಡಿ. ಉದಾಹರಣೆಗೆ ಜಿಎಸ್‌ಟಿ. 2017ರ ಜುಲೈ 1ಕ್ಕೆ ಬಂದಾಗ ಮುಖ್ಯ ಸ್ಲ್ಯಾಬ್‌ಗಳು 5, 12, 18, 28. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ವಸ್ತುಗಳು 5 ಮತ್ತು 18ರೊಳಗೆ ಬಂದ್ವು, ಕೆಲವಕ್ಕೆ 40. ಹಳೆ ಪತ್ರಿಕಾ ವರದಿ ತೋರಿಸಿ "ನಾಲ್ಕು ಸ್ಲ್ಯಾಬ್ ಇವೆ" ಅಂದ್ರೆ ವೌಚರ್ ಅಸಲಿನೇ, ಆದ್ರೆ ನಿಮ್ಮ ಉತ್ತರ ತಪ್ಪು.

ಈಗ ನಮ್ಮ ಕನ್ನಡ ವಿಕಿಪೀಡಿಯ. 2003ರಲ್ಲೇ ಶುರುವಾದದ್ದು. ಆದ್ರೂ ಎಷ್ಟೋ ವಿಷಯಗಳಿಗೆ ನಾಲ್ಕೈದು ಸಾಲಿನ ಪುಟ, ಕೆಳಗೆ "ಚುಟುಕು" ಅನ್ನೋ ಗುರುತು. ಚುಟುಕು ಅಂದ್ರೆ ಸುಳ್ಳು ಅಂತಲ್ಲ, ಇನ್ನೂ ಬರೆಯೋದಿದೆ ಅಂತ. ಮೂರು ಸಾಲಿದ್ದು ಮೂರಕ್ಕೂ ಆಧಾರ ಇದ್ದರೆ, ಆಧಾರವೇ ಇಲ್ಲದ ಮೂವತ್ತು ಪ್ಯಾರಾಗಿಂತ ಅದು ಮೇಲು.

ನನ್ನ ರೂಮ್‌ಮೇಟ್ ಪಿಯುಸಿ ತನಕ ಕನ್ನಡ ಮೀಡಿಯಂ. ಹೊಸ ಟಾಪಿಕ್ ಬಂದ್ರೆ ಮೊದಲು ಕನ್ನಡ ಪುಟ ತೆಗೀತಾಳೆ. ನಾವು ಇಂಗ್ಲಿಷ್ ಪುಟಕ್ಕೆ ಹೋಗಿ ಹೋಲಿಸಿ ನೋಡ್ತೀವಿ. ಅವಳಂಥವರಿಗೆ ಸಿಗೋದು ಯಾರೂ ಚೆಕ್ ಮಾಡದ ಆ ಒಂದೇ ಪುಟ. ಅದಕ್ಕೇ ನನ್ನ ರಿಕ್ವೆಸ್ಟ್: ಬರೀ ಆಡಿಟ್ ಮಾಡಿ ಎದ್ದು ಬರಬೇಡಿ. ಕಳೆದ ವಾರ ನಾನೊಂದು ಪುಟಕ್ಕೆ ಎರಡು ಉಲ್ಲೇಖ ಸೇರಿಸಿದೆ. ಹಿಡಿದದ್ದು ಹತ್ತೇ ನಿಮಿಷ.

ಇಂಟರ್ನಲ್ಸ್‌ಗೆ ನೀವು ಯಾವ ಟಾಪಿಕ್ ತಗೊಂಡಿದ್ದೀರೋ, ಅದರ ಕನ್ನಡ ಪುಟ ಇವತ್ತೇ ಒಂದ್ಸಲ ತೆಗೆದು ನೋಡಿ.

#ಕನ್ನಡವಿಕಿಪೀಡಿಯ #ಬಿಕಾಂಬದುಕು