ಬಹುಮಾನ ಬಂದ ಪೆಟ್ಟಿಗೆ, ಬೂಷ್ಟು ಬಂದ ಅಡಿಕೆ

ಕಳೆದ ವರ್ಷ ನಾನು ಫಸ್ಟ್ ಪಿಯುನಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನವೊಂದರಲ್ಲಿ ನನ್ನ ‘ಸೌರ ಅಡಿಕೆ ಡ್ರೈಯರ್’ ಮಾದರಿಗೆ ಎರಡನೇ ಬಹುಮಾನ ಬಂದಿತ್ತು. ಥರ್ಮೋಕೋಲ್ ಪೆಟ್ಟಿಗೆ, ಒಳಗೆ ಕಪ್ಪು ಕಾಗದ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಸುತ್ತಲೂ ಹಸಿರು ಬಣ್ಣದ ಪುಟ್ಟ ಅಡಿಕೆ ಮರಗಳನ್ನೂ ನಿಲ್ಲಿಸಿದ್ದೆ. ನೋಡಲು ಬಂದವರೆಲ್ಲ ಮರಗಳನ್ನು ಹೊಗಳಿದರು. ಇದರಲ್ಲಿ ಅಡಿಕೆ ಒಣಗುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ. ಅದರೊಳಗೆ ನಾನು ಒಂದೇ ಒಂದು ಅಡಿಕೆಯನ್ನೂ ಹಾಕಿ ನೋಡಿರಲಿಲ್ಲ.

ನಮ್ಮ ಮನೆ ಸೀತೂರಿನಲ್ಲಿ. ಮನೆಯ ಹಿಂದೆ ಅರ್ಧ ಎಕರೆ ತೋಟ. ಉಪ್ಪ ಬೇರೆಯವರ ತೋಟಗಳಲ್ಲಿ ಕೊನೆ ತೆಗೆಯುತ್ತಾರೆ. ನಮ್ಮದೇ ಅಡಿಕೆಯನ್ನು ಉಮ್ಮ ರಾತ್ರಿ ಮೆಟ್ಟುಗತ್ತಿಯಲ್ಲಿ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಚಪ್ಪರದ ಮೇಲೆ ಹರಡುತ್ತಾರೆ. ಮಲೆನಾಡಿನವರಿಗೆ ಈ ಕೆಲಸ ಹೊಸದಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹೋಗಿರುವುದಿಲ್ಲ ಎಂಬುದೂ ಹೊಸದಲ್ಲ. ಆ ನವೆಂಬರಿನಲ್ಲಿ ಮಧ್ಯಾಹ್ನದ ಮಳೆ ಎರಡು ಸಲ ಚಪ್ಪರದ ಮೇಲೆಯೇ ಸುರಿಯಿತು. ಟಾರ್ಪಾಲು ಎಳೆಯುವಷ್ಟರಲ್ಲಿ ಅರ್ಧ ಅಡಿಕೆ ನೆನೆದಿತ್ತು. ನಾಲ್ಕು ದಿನಕ್ಕೆ ಬೂಷ್ಟು ಹಿಡಿಯಿತು, ರೇಟು ಬಿತ್ತು. ನನ್ನ ಸೆಕೆಂಡ್ ಪಿಯು ಫೀಸಿಗೆಂದು ಉಪ್ಪ ಲೆಕ್ಕ ಹಾಕಿಟ್ಟಿದ್ದ ಹಣ ಅದು.

ಆ ದಿನ ಉಮ್ಮ, “ಮೋಳೇ, ನಿನ್ನ ಬಹುಮಾನದ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಒಂದಿಷ್ಟು ಹಾಕು” ಅಂದರು. ಅವರು ತಮಾಷೆ ಮಾಡಿದ್ದಲ್ಲ, ನಂಬಿ ಹೇಳಿದ್ದು. ಎರಡು ಹಿಡಿ ಬೇಯಿಸಿದ ಅಡಿಕೆ ಹಾಕಿ ಬಿಸಿಲಿಗೆ ಇಟ್ಟೆ. ಸಂಜೆ ನೋಡಿದರೆ ಪ್ಲಾಸ್ಟಿಕ್ಕಿನ ಒಳಬದಿಯಲ್ಲಿ ನೀರಿನ ಹನಿಗಳು. ಮೂರನೇ ದಿನ ಚಪ್ಪರದ ಅಡಿಕೆಗಿಂತ ಹೆಚ್ಚು ಬೂಷ್ಟು ನನ್ನ ಪೆಟ್ಟಿಗೆಯಲ್ಲೇ ಇತ್ತು. ಗೋಡೆಯ ಮೇಲಿದ್ದ ಬಹುಮಾನದ ಫಲಕವನ್ನು ತೆಗೆದು ಬೀರುವಿನೊಳಗೆ ಇಟ್ಟುಬಿಟ್ಟೆ.

ತಪ್ಪು ಎಲ್ಲಿದೆ ಎಂದು ಹೇಳಿದ್ದು ಉಮ್ಮನೇ. “ಹೊಗೆ ಹೋಗೋಕೆ ದಾರಿ ಇಲ್ಲದಿದ್ದರೆ ಒಲೆ ಉರಿಯುತ್ತಾ?” ಎಂದು ಕೇಳಿದರು. ನಮ್ಮ ಅಡುಗೆಮನೆಯಲ್ಲಿರುವುದು ಚಿಮಣಿ ಇರುವ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗದಿಂದ ಈ ಒಲೆ ಬಂತು. ಹಳ್ಳಿಯ ಕೆಲಸಕ್ಕೆಂದು ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅವರು ಕೇಂದ್ರವನ್ನೇ ತೆರೆದಿದ್ದರು. ಬಿಸಿ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ದಿನಾ ಚಹಾ ಕಾಯಿಸುವ ಒಲೆಯಲ್ಲಿ ಮಾತ್ರ ನೋಡಿರಲಿಲ್ಲ. ಅಡಿಕೆ ಒಣಗಲು ಬಿಸಿ ಮಾತ್ರ ಸಾಲದು, ಅದರಿಂದ ಹೊರಟ ತೇವ ಆಚೆ ಹೋಗಲೂಬೇಕು.

ಎರಡನೇ ಪೆಟ್ಟಿಗೆಯನ್ನು ಹಣ್ಣಿನ ಅಂಗಡಿಯ ಹಳೆಯ ಮರದ ಪೆಟ್ಟಿಗೆಯಿಂದ ಮಾಡಿದೆ. ಕೆಳಗೆ ತೂತು ಕೊರೆದು, ಮೇಲೆ ಕಪ್ಪು ಬಣ್ಣ ಬಳಿದ ಪೈಪಿನ ಚಿಮಣಿ ಇಟ್ಟೆ. ಉತ್ಸಾಹದಲ್ಲಿ ತೂತು ಹೆಚ್ಚಾಯಿತು. ಹೊರಗೆ 29 ಡಿಗ್ರಿ ಇದ್ದಾಗ ಒಳಗೆ ಬರೀ 34. ಹನಿಯೇನೋ ಕಟ್ಟಲಿಲ್ಲ, ಆದರೆ ಬಿಸಿಯೂ ನಿಲ್ಲಲಿಲ್ಲ. ಮೂರನೆಯದರಲ್ಲಿ ತೂತು ಕಡಿಮೆ ಮಾಡಿದೆ, ಚಿಮಣಿಯನ್ನು ಎತ್ತರಿಸಿದೆ, ತಟ್ಟೆಯ ಬದಲು ಜಾಲರಿ ಹಾಕಿದೆ. ಈ ಸಲ ಚೆನ್ನಾಗಿ ಒಣಗಿತು. ಖುಷಿಯಿಂದ ಫಿಸಿಕ್ಸ್ ಸರ್‌ಗೆ ಹೇಳಿದೆ. ಅವರು, “ಮೂರು ಬದಲಾವಣೆಯಲ್ಲಿ ಕೆಲಸ ಮಾಡಿದ್ದು ಯಾವುದು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಒಂದು ಸಲಕ್ಕೆ ಒಂದನ್ನೇ ಬದಲಿಸು, ತೂಕ ಮಾಡಿ ಬರೆದಿಡು” ಎಂದರು.

ಅಲ್ಲಿಂದ ನೋಟುಬುಕ್ಕು ಶುರುವಾಯಿತು. ಪ್ರತಿ ಸಲ 500 ಗ್ರಾಂ ಬೇಯಿಸಿದ ಅಡಿಕೆ ಪೆಟ್ಟಿಗೆಯಲ್ಲಿ, ಅದೇ ಹಂಡೆಯ 500 ಗ್ರಾಂ ಚಪ್ಪರದಲ್ಲಿ. ದಿನಾ ಸಂಜೆ ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ತೂಗುತ್ತಿದ್ದೆ. ಹೆಚ್ಚು ಕೆಲಸ ಮಾಡಿದ್ದು ಜಾಲರಿ ಎಂದು ಆಗ ಗೊತ್ತಾಯಿತು. ನಾಲ್ಕನೇ ಪೆಟ್ಟಿಗೆಯಲ್ಲಿ ಮುಚ್ಚಳವನ್ನು ದಕ್ಷಿಣಕ್ಕೆ ಓರೆ ಮಾಡಿದೆ, ಚಳಿಗಾಲದಲ್ಲಿ ನಮಗೆ ಸೂರ್ಯ ಆ ಕಡೆಗೆ ವಾಲಿರುತ್ತಾನಲ್ಲ. ನಾಲ್ಕು ದಿನದ ಬಿಸಿಲಿಗೆ ಚಪ್ಪರದ ಅಡಿಕೆ 290 ಗ್ರಾಂಗೆ ಇಳಿದರೆ ಪೆಟ್ಟಿಗೆಯದು 265 ಗ್ರಾಂಗೆ ಇಳಿದಿತ್ತು. ಮೋಡದ ದಿನ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಅದನ್ನೂ ಬರೆದಿಟ್ಟೆ.

ನಾಲ್ಕು ಪೆಟ್ಟಿಗೆ ಆಯಿತು, ಸಾಕಾಯಿತು ಎಂದು ಗೊಣಗಿದಾಗ ಸರ್ ಮಾರುತ್ ವಿಮಾನದ ಕತೆ ಹೇಳಿದರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ತಂಡ ಆ ಯುದ್ಧವಿಮಾನದ ವಿನ್ಯಾಸ ಮಾಡಿತು. ನಿಜವಾದ ವಿಮಾನಕ್ಕೆ ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿದರು. 1959ರಲ್ಲಿ ಅದನ್ನು ಇನ್ನೊಂದು ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಟ್ಟು, ಗಾಳಿಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಮತ್ತೆ ಮತ್ತೆ ನೋಡಿದರು. ಎಂಜಿನ್ ಇರುವ ಮೊದಲ ಮಾರುತ್ ಹಾರಿದ್ದು 1961ರ ಜೂನ್‌ನಲ್ಲಿ. “ಮರದಲ್ಲಿ ತಪ್ಪು ಕಂಡರೆ ಮರ ಹೋಗುತ್ತೆ. ಜೆಟ್ಟಿನಲ್ಲಿ ಕಂಡರೆ?” ಎಂದರು ಸರ್. ನನಗೆ ನಮ್ಮ ಚಪ್ಪರ ನೆನಪಾಯಿತು. ಅರ್ಧ ಕಿಲೋದಲ್ಲಿ ತಪ್ಪಿದರೆ ಅರ್ಧ ಕಿಲೋ ಹೋಗುತ್ತದೆ. ಇಡೀ ಫಸಲಿನಲ್ಲಿ ತಪ್ಪಿದರೆ ಒಂದು ವರ್ಷವೇ ಹೋಗುತ್ತದೆ.

ಐದನೆಯದನ್ನು ಉಪ್ಪ ಬಿದಿರು, ಅಡಿಕೆ ದಬ್ಬೆ ಸೇರಿಸಿ ಆರು ಅಡಿ ಉದ್ದ ಕಟ್ಟಿಕೊಟ್ಟರು. ಚಿಕ್ಕದರಲ್ಲಿ ಸರಿಬಂದದ್ದು ದೊಡ್ಡದರಲ್ಲಿ ಸರಿಬರಲಿಲ್ಲ. ಗಾಳಿ ಒಳಬರುವ ಕಡೆ ಗರಿಗರಿ, ಚಿಮಣಿಯ ಕಡೆ ಇನ್ನೂ ಹಸಿ. ಮೊದಲ ಸಾಲಿನ ತೇವ ಹೊತ್ತ ಗಾಳಿ ಕೊನೆಯ ಸಾಲಿಗೆ ಬರುವಾಗ ಹೊಟ್ಟೆ ತುಂಬಿದವರ ಹಾಗೆ ಆಗಿರುತ್ತದೆ, ಮತ್ತೆ ತೆಗೆದುಕೊಳ್ಳುವುದಿಲ್ಲ. ಉಪ್ಪ ಮಾತಾಡದೆ ಗರಗಸ ತಂದು ಅದನ್ನು ಎರಡು ಮಾಡಿದರು. ಎರಡಕ್ಕೂ ಬೇರೆ ಬೇರೆ ಚಿಮಣಿ ಬಂತು.

ಈ ವರ್ಷದ ಕೊಯ್ಲಿನಲ್ಲಿ ಎರಡೂ ಪೆಟ್ಟಿಗೆ ಸೇರಿ ಒಂದು ಸಲಕ್ಕೆ ಎಂಟು ಕಿಲೋ ಮಾತ್ರ ಹಿಡಿದವು. ಉಳಿದದ್ದು ಈಗಲೂ ಚಪ್ಪರದಲ್ಲೇ, ಟಾರ್ಪಾಲು ಈಗಲೂ ಕೈಯಳತೆಯಲ್ಲೇ. ಆದರೆ ಉಮ್ಮ ಒಳ್ಳೆಯ ಹಸವನ್ನೆಲ್ಲ ಆರಿಸಿ ಪೆಟ್ಟಿಗೆಗೇ ಹಾಕಿದರು. ಮಳೆ ಬಂದಾಗ ಅದು ನೆನೆಯಲಿಲ್ಲ, ಬೂಷ್ಟೂ ಹಿಡಿಯಲಿಲ್ಲ. ಅಷ್ಟು ಅಡಿಕೆಯನ್ನಾದರೂ ನನ್ನ ಕೈಗೆ ಕೊಟ್ಟರಲ್ಲ, ಅದು ಫಲಕಕ್ಕಿಂತ ದೊಡ್ಡದು.

ಗೆಳೆಯರೇ, ಈ ಸಲದ ಪ್ರದರ್ಶನಕ್ಕೆ ನಿಮ್ಮಲ್ಲಿ ಹಲವರು ಮಾದರಿ ಮಾಡುತ್ತಿದ್ದೀರಿ. ಮರಗಳಿಗೆ ಬಣ್ಣ ಹಚ್ಚಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಒಂದು ಹಿಡಿ ಅಡಿಕೆ ಹಾಕಿ ನೋಡಿ. ನಾನೂ ಬರುತ್ತೇನೆ. ಬೀರುವಿನಲ್ಲಿರುವ ಫಲಕವನ್ನು ತರುವುದಿಲ್ಲ, ಬೂಷ್ಟು ಬಂದ ಆ ಮೊದಲ ಪೆಟ್ಟಿಗೆಯನ್ನೂ ನೋಟುಬುಕ್ಕನ್ನೂ ತರುತ್ತೇನೆ.